ಕತ್ತಿನ ಗುರುತಿಗಿಂತ ಗ್ರಂಥಿಯ ಲೆಕ್ಕ ಮುಖ್ಯ

"ಕತ್ತು ಕೊಯ್ಯದೆ ತೆಗೆಯೋಕಾಗಲ್ವಾ ಡಾಕ್ಟ್ರೇ?" ಥೈರಾಯ್ಡ್ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಮೈಸೂರಿನ ನನ್ನ ಕ್ಲಿನಿಕ್ಕಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಮದುವೆಯಾಗದ ಹುಡುಗಿಯಾದರೆ ತಾಯಿಯೇ ಮೊದಲು ಕೇಳುತ್ತಾರೆ.

ಆಗುತ್ತದೆ. ಕೆಳತುಟಿಯ ಒಳಗೆ ಮೂರು ತೂತು ಮಾಡಿ, ಗದ್ದದ ಚರ್ಮದಡಿ ಕ್ಯಾಮೆರಾ ಇಳಿಸಿ ಥೈರಾಯ್ಡ್ ಗ್ರಂಥಿ ತೆಗೆಯಬಹುದು. ಕತ್ತಿನ ಮೇಲೆ ಗುರುತೇ ಇರುವುದಿಲ್ಲ. ಹಾಗಂತ ಅದು ಸಣ್ಣ ಆಪರೇಷನ್ ಅಲ್ಲ. ತುಟಿಯಿಂದ ಕತ್ತಿನವರೆಗೆ ಚರ್ಮ ಬಿಡಿಸಬೇಕು, ಸಮಯ ಜಾಸ್ತಿ ಹಿಡಿಯುತ್ತದೆ, ಗದ್ದ ಸ್ವಲ್ಪ ಕಾಲ ಜೋಮು ಹಿಡಿದಂತಿರಬಹುದು. ದನಿಯ ನರಕ್ಕೆ ಪೆಟ್ಟಾಗುವ ಭಯ ಇಲ್ಲೂ ಇದೆ. ಕತ್ತಿನ ಮಡಿಕೆಯಲ್ಲೇ ಹಾಕಿದ ಗಾಯ ವರ್ಷದೊಳಗೆ ಸಾಕಷ್ಟು ಮಾಸುತ್ತದೆ, ಅದನ್ನೂ ಹೇಳುತ್ತೇನೆ.

ನಿಜವಾಗಿ ಕೇಳಬೇಕಾದದ್ದು, ಗ್ರಂಥಿ ಎಷ್ಟು ತೆಗೆಯುತ್ತೀರಿ ಅಂತ. ನಾವು ಹೆಚ್ಚು ನೋಡುವುದು ಪ್ಯಾಪಿಲರಿ ಕ್ಯಾನ್ಸರ್. ಗಡ್ಡೆ 4 ಸೆಂ.ಮೀ. ಒಳಗಿದ್ದು, ಗ್ರಂಥಿಯಾಚೆ ಹೋಗದೆ, ಕತ್ತಿನ ಲಿಂಫ್ ಗಂಟುಗಳಿಗೂ ಹಬ್ಬದಿದ್ದರೆ ಅರ್ಧ ಗ್ರಂಥಿ ತೆಗೆದರೂ ಸಾಕಾಗಬಹುದು. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರಲ್ಲೇ ಇದನ್ನು ಒಪ್ಪಿದೆ. ಅರ್ಧವೇ ತೆಗೆದರೆ ಒಂದೇ ಬದಿಯ ದನಿಯ ನರ ಅಪಾಯದಲ್ಲಿರುತ್ತದೆ. ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್ ಅನ್ನುವ ಪುಟ್ಟ ಗ್ರಂಥಿಗಳು ಇನ್ನೊಂದು ಬದಿಯಲ್ಲಿ ಉಳಿಯುತ್ತವೆ. ಎಷ್ಟೋ ಜನರಿಗೆ ಜೀವನಪೂರ್ತಿ ಥೈರಾಯ್ಡ್ ಮಾತ್ರೆಯೂ ತಪ್ಪುತ್ತದೆ.

1 ಸೆಂ.ಮೀ.ಗಿಂತ ಸಣ್ಣದಾದರೆ ಸುಮ್ನೆ ಕಾಯುವುದೂ ಒಂದು ದಾರಿ. ಜಪಾನಿನ ಕೋಬೆಯ ಕುಮಾ ಆಸ್ಪತ್ರೆ 1993ರಲ್ಲೇ ಇದನ್ನು ಶುರುಮಾಡಿತು. ಹೆಚ್ಚಿನವು ವರ್ಷಗಟ್ಟಲೆ ಬೆಳೆಯಲೇ ಇಲ್ಲ, ವಯಸ್ಸಾದವರಲ್ಲಂತೂ ಇನ್ನೂ ಕಡಿಮೆ. ಆದರೆ ಮೊದಲು ಆರಾರು ತಿಂಗಳಿಗೊಮ್ಮೆ ಸ್ಕ್ಯಾನಿಗೆ ಬರಬೇಕು. "ಕಬ್ಬು ಕಡಿದು ಮುಗೀಲಿ, ಬರ್ತೀನಿ" ಅಂತ ಮಂಡ್ಯ ಕಡೆಗೆ ಹೋದವರು ಎಷ್ಟು ಸಲ ವಾಪಸ್ ಬರುತ್ತಾರೆ? ಬರುವುದು ಅನುಮಾನ ಅನ್ನಿಸಿದರೆ ನಾನು ಆಪರೇಷನ್ನೇ ಹೇಳುತ್ತೇನೆ.

ಇನ್ನು ಸೂಜಿಯಿಂದ ಸುಡುವ ರೇಡಿಯೋಫ್ರೀಕ್ವೆನ್ಸಿ. ಕತ್ತಿಗಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸ್ಕ್ಯಾನ್ ನೋಡುತ್ತಾ, ನರಕ್ಕೆ ಬಿಸಿ ತಾಗದಂತೆ ನಡುವೆ ಡೆಕ್ಸ್‌ಟ್ರೋಸ್ ನೀರು ತುಂಬಿ ಗಡ್ಡೆಯನ್ನು ಸುಡುತ್ತಾರೆ. ಸುಟ್ಟ ಮೇಲೆ ಲ್ಯಾಬಿಗೆ ಕಳಿಸಲು ಗಡ್ಡೆಯೇ ಇರುವುದಿಲ್ಲ, ಅಲ್ವಾ? ಗ್ರಂಥಿಯಲ್ಲಿ ಬೇರೆ ಸಣ್ಣ ಚುಕ್ಕೆಗಳಿದ್ದರೆ ಅವೂ ಉಳಿಯುತ್ತವೆ. ಅರಿವಳಿಕೆ ತಡೆಯದ ಹೃದಯದವರಿಗೆ, ಆಪರೇಷನ್ ಆದ ಕತ್ತಿನಲ್ಲಿ ಮತ್ತೆ ಬಂದ ಒಂದೆರಡು ಗಂಟುಗಳಿಗೆ ನಾನು ಇದನ್ನು ಯೋಚಿಸುತ್ತೇನೆ. ಥೈರಾಯ್ಡಿನಲ್ಲೇ ಬರುವ ಬೇರೆ ಬಗೆಗಳಾದ ಮೆಡ್ಯುಲರಿ, ಅನಾಪ್ಲಾಸ್ಟಿಕ್ ಕ್ಯಾನ್ಸರಿನ ಕಥೆ ಬೇರೆ. ಅಲ್ಲಿ ಕಾಯುವ ಮಾತೇ ಇಲ್ಲ.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಬರೀ ರಿಪೋರ್ಟ್ ಸಾಲದು. ಸೂಜಿ ಪರೀಕ್ಷೆಯ ಸ್ಲೈಡುಗಳನ್ನೂ ಕೇಳಿ ತೆಗೆದುಕೊಂಡು ಹೋಗಿ. ಸ್ಕ್ಯಾನಿನಲ್ಲಿ ಕತ್ತಿನ ಎರಡೂ ಬದಿಯ ಗಂಟುಗಳನ್ನು ನೋಡಿದ್ದಾರಾ ಅಂತಲೂ ವಿಚಾರಿಸಿ.