ವಂಶವೃಕ್ಷದಲ್ಲಿ ಕಪ್ಪಾಗುವ ಚೌಕಗಳು

ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವರ ಮನೆಯವರು ಮೊದಲ ಭೇಟಿಯಲ್ಲಿ ಬಾಯಿಗೆ ಬಂದರೂ ನುಂಗಿಕೊಂಡು, ಎರಡನೆಯ ಅಥವಾ ಮೂರನೆಯ ಭೇಟಿಯಲ್ಲಿ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯೊಂದಿದೆ: ಇದು ವಂಶದಲ್ಲಿ ಬರುವ ಕಾಯಿಲೆಯೇ? ಉತ್ತರಿಸುವ ಮೊದಲು ನಾನು ಹಾಳೆಯೊಂದರ ಮೇಲೆ ವಂಶವೃಕ್ಷ ಬರೆಯುತ್ತೇನೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆಯಿದ್ದವರ ಗುರುತಿನೊಳಗೆ ಕಪ್ಪು. ಮೂರು ತಲೆಮಾರು ತುಂಬುವ ಹೊತ್ತಿಗೆ, ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟುಹೋದ ಸೋದರಮಾವನೊಬ್ಬ ಯಾರಿಗೋ ನೆನಪಾಗುತ್ತಾನೆ. ಅವನ ಚೌಕವನ್ನು ಕಪ್ಪು ಮಾಡಬೇಕೇ ಬೇಡವೇ ಎಂಬುದು ಸಣ್ಣ ಮಾತಲ್ಲ. ಕುಟುಂಬ ಅಧ್ಯಯನಗಳ ಲೆಕ್ಕಾಚಾರ ನಿಂತಿರುವುದೇ ಇಂಥ ತೀರ್ಮಾನಗಳ ಮೇಲೆ.

ಈ ಕಾಯಿಲೆ ಜನಸಾಮಾನ್ಯರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಬಂದರೆ, ರೋಗಿಯ ಒಡಹುಟ್ಟಿದವರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಬ್ಬರಿಗೆ ಬರುತ್ತದೆ. ಆದರೆ ಒಂದೇ ಸೂರಿನಡಿ ಬೆಳೆದವರು ರಕ್ತವನ್ನಷ್ಟೇ ಅಲ್ಲ, ಮನೆಯ ಕಷ್ಟ, ಜಗಳಗಳನ್ನೂ ಹಂಚಿಕೊಂಡಿರುತ್ತಾರೆ. ಅಮೆರಿಕದ ಮನೋವೈದ್ಯ ಲಿಯೊನಾರ್ಡ್ ಹೆಸ್ಟನ್ 1966ರಲ್ಲಿ ಈ ಗಂಟನ್ನು ಬಿಡಿಸಿ ತೋರಿಸಿದರು. ಕಾಯಿಲೆಯಿದ್ದ ತಾಯಂದಿರಿಂದ ಹುಟ್ಟಿದ ಕೆಲವೇ ದಿನಗಳಲ್ಲಿ ಬೇರೆಯಾಗಿ ಬೆಳೆದ 47 ಮಂದಿಯಲ್ಲಿ ಐವರಿಗೆ ಸ್ಕಿಜೋಫ್ರೇನಿಯಾ ಬಂದಿತ್ತು. ಹಾಗೆಯೇ ತಾಯಿಯಿಂದ ದೂರ ಬೆಳೆದ, ಆದರೆ ತಾಯಿಗೆ ಈ ಕಾಯಿಲೆಯಿಲ್ಲದ 50 ಮಂದಿಯಲ್ಲಿ ಒಬ್ಬರಿಗೂ ಬಂದಿರಲಿಲ್ಲ. ತಾಯಿ ಬೆಳೆಸಿದ ರೀತಿಯೇ ಕಾರಣವೆಂದು ದೂರುತ್ತಿದ್ದ ಆ ಕಾಲದ ವಾದ (ಎಷ್ಟು ತಾಯಂದಿರು ಅದನ್ನು ನಂಬಿ ಕೊರಗಿದರೋ) ಇದರಿಂದ ಸಡಿಲಗೊಂಡಿತು.

ಆಮೇಲೆ ಜೀನಿನ ಹುಡುಕಾಟ. ಹಲವು ರೋಗಿಗಳಿದ್ದ ಐಸ್‌ಲ್ಯಾಂಡ್ ಮತ್ತು ಬ್ರಿಟನ್ನಿನ ಕುಟುಂಬಗಳ ಅಧ್ಯಯನವೊಂದು 1988ರಲ್ಲಿ 5ನೆಯ ವರ್ಣತಂತುವಿನತ್ತ (ಜೀನುಗಳನ್ನು ಹೊತ್ತ ಎಳೆ, ಕ್ರೋಮೋಸೋಮ್) ಬೆರಳು ತೋರಿತು; ಬೇರೆ ಕುಟುಂಬಗಳಲ್ಲಿ ಆ ಸುಳಿವು ನಿಲ್ಲಲಿಲ್ಲ. ಸ್ಕಾಟ್ಲೆಂಡಿನ ಒಂದು ದೊಡ್ಡ ಕುಟುಂಬದಲ್ಲಿ 1 ಮತ್ತು 11ನೆಯ ವರ್ಣತಂತುಗಳು ಮುರಿದು ತುಂಡುಗಳು ಅದಲುಬದಲಾಗಿದ್ದವು. ನನಗೆ ಅತ್ಯಂತ ಪಾಠ ಕಲಿಸಿದ ಕುಟುಂಬ ಇದು: ಅದೇ ಮುರಿತವನ್ನು ಹೊತ್ತವರಲ್ಲಿ ಕೆಲವರಿಗೆ ಸ್ಕಿಜೋಫ್ರೇನಿಯಾ, ಕೆಲವರಿಗೆ ಖಿನ್ನತೆ, ಇನ್ನು ಕೆಲವರು ಆರೋಗ್ಯವಾಗಿಯೇ ಇದ್ದರು. ಒಂದೇ ಬಲವಾದ ದೋಷವನ್ನು ಅರಸುತ್ತಿದ್ದ ನೋಟವೇ ಇಕ್ಕಟ್ಟಾಗಿತ್ತು. 76,000ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ 2022ರ ಅಂತರರಾಷ್ಟ್ರೀಯ ಅಧ್ಯಯನ ಗುರುತಿಸಿದ್ದು ವರ್ಣತಂತುಗಳ ಮೇಲಿನ 287 ತಾಣಗಳನ್ನು. ಒಂದೊಂದರ ಪ್ರಭಾವವೂ ಅತ್ಯಲ್ಪ.

ಆದ್ದರಿಂದ, ರಕ್ತ ಪರೀಕ್ಷಿಸಿ ತಮ್ಮನಿಗೂ ಬರುತ್ತದೆಯೇ ಹೇಳಿ ಎನ್ನುವ ಅಣ್ಣಂದಿರಿಗೆ, ಅಂಥ ಪರೀಕ್ಷೆ ಸದ್ಯಕ್ಕಿಲ್ಲ ಎನ್ನುತ್ತೇನೆ. ಬಳಿಕ ಅದೇ ಹಾಳೆಯನ್ನು ಅವರತ್ತ ತಿರುಗಿಸಿ, ಕಪ್ಪಾಗದೆ ಉಳಿದ ಚೌಕ ವೃತ್ತಗಳನ್ನು ಅವರಿಗೇ ಎಣಿಸಲು ಹೇಳುತ್ತೇನೆ.