ಟಾರ್ಚಿನಲ್ಲಿ ಕಚ್ಚಿಕೊಂಡ ಸೆಲ್ಲಿಗೆ ಹುಳಿ ಬೇಕು, ಸೋಡಾ ಅಲ್ಲ

ಮಳೆಗಾಲ ಶುರುವಾದರೆ ನಮ್ಮ ಮಲೆನಾಡಿನ ರಿಪೇರಿ ಅಂಗಡಿಗಳಿಗೆ ಟಾರ್ಚುಗಳು ಬರತೊಡಗುತ್ತವೆ. ಬೇಸಿಗೆಯೆಲ್ಲ ಸೆಲ್ ಸಮೇತ ಮೊಳೆಗೆ ನೇತುಬಿದ್ದಿರುತ್ತವೆ. ಮೊದಲ ಗಾಳಿಮಳೆಗೆ ಕರೆಂಟ್ ಹೋದಾಗ ಒತ್ತಿದರೆ ಹತ್ತುವುದಿಲ್ಲ. ಮುಚ್ಚಳ ಬಿಚ್ಚಿದರೆ ಒಳಗೆ ಬಿಳಿ ಪುಡಿ. ಸೆಲ್ ಅಲ್ಲಾಡುವುದೇ ಇಲ್ಲ.

ಹಾಗೇ ತಂದುಕೊಟ್ಟರೆ ನನ್ನ ಕೆಲಸ ಸುಲಭ. ಆದರೆ ಹಾಗೆ ತರುವವರು ಕಡಿಮೆ. "ಆಸಿಡ್ ಸೋರಿತ್ತು, ಅಡುಗೆ ಸೋಡಾ ಕದಡಿ ಹಾಕಿದೆ. ಬಗ್ಗಲಿಲ್ಲ. ಎಣ್ಣೆ ಬಿಟ್ಟೆ. ಆಮೇಲೆ ಸ್ಕ್ರೂಡ್ರೈವರ್ ಹಾಕಿ ಮೀಟಿದೆ" ಅನ್ನುತ್ತಾರೆ. ಮೂರೂ ತಪ್ಪು. ಮೊದಲನೆಯದೇ ಉಳಿದ ಎರಡಕ್ಕೂ ದಾರಿ ಮಾಡಿಕೊಡುವುದು. ಹಾಗಾಗಿ ಅದನ್ನೇ ಬಿಡಿಸಿ ಹೇಳುತ್ತೇನೆ.

ಆಲ್ಕಲೈನ್ ಸೆಲ್‌ನೊಳಗೆ ಆಸಿಡ್ ಇರುವುದಿಲ್ಲ. ಇರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಸೋಪು ಮಾಡಲು ಬಳಸುವ ಕಾಸ್ಟಿಕ್ ಸೋಡಾದ ಜಾತಿಯದೇ. ಸೆಲ್ ಖಾಲಿಯಾದ ಮೇಲೂ ಒಳಗಿನ ಸತು ಸುಮ್ಮನಿರುವುದಿಲ್ಲ, ನಿಧಾನವಾಗಿ ಹೈಡ್ರೋಜನ್ ಬಿಡುತ್ತದೆ. ಒತ್ತಡ ಹೆಚ್ಚಿದಾಗ ತಳದ ಪ್ಲಾಸ್ಟಿಕ್ ಸೀಲ್ ಬಿಟ್ಟುಕೊಂಡು ಕ್ಷಾರ ಹೊರಗೆ ಜಿನುಗುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕುಡಿದು ಪೊಟ್ಯಾಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ನಿಮಗೆ ಕಾಣುವ ಬಿಳಿ ಪುಡಿ ಅದೇ. ಅದೂ ಕ್ಷಾರವೇ. ಅಡುಗೆ ಸೋಡಾ ಕೂಡ ಕ್ಷಾರದ ಕಡೆಯದು. ಕ್ಷಾರಕ್ಕೆ ಕ್ಷಾರ ಹಾಕಿದರೆ ಏನು ಕರಗೀತು?

ಸಣ್ಣ ಟಾರ್ಚುಗಳಲ್ಲಿ ಇನ್ನೊಂದು ತೊಂದರೆ ಇದೆ. ಅವುಗಳ ಮೈ ಹೆಚ್ಚಾಗಿ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಪಾತ್ರೆಯನ್ನು ವಾಷಿಂಗ್ ಸೋಡಾದಲ್ಲಿ ನೆನೆಸಿಟ್ಟರೆ ಕಪ್ಪಾಗುವುದನ್ನು ನೋಡಿದ್ದೀರಿ, ಅಲ್ವಾ? ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಟಾರ್ಚಿನೊಳಗೂ ಅದೇ ನಡೆಯುತ್ತದೆ. ಕೊಳವೆಯ ಒಳಮೈ ಸವೆದು, ಸವೆದದ್ದು ಪುಡಿಯ ಜೊತೆ ಬೆರೆತು, ಸೆಲ್ಲಿನ ಸುತ್ತ ಗಾರೆ ಹಾಕಿದ ಹಾಗೆ ಕೂರುತ್ತದೆ. ಎಣ್ಣೆಗೆ ಉಪ್ಪಿನಂಥ ಈ ಪುಡಿಯನ್ನು ಕರಗಿಸುವ ಶಕ್ತಿ ಇಲ್ಲ. ಅದು ಮೇಲೆ ಪದರ ಕಟ್ಟಿ, ಆಮೇಲೆ ಹಾಕುವ ಹುಳಿಯನ್ನೂ ಒಳಗೆ ಬಿಡುವುದಿಲ್ಲ. ನಾನು ಮೊದಲು ಎಣ್ಣೆ ತೆಗೆಯುವುದಕ್ಕೇ ಹೊತ್ತು ಕಳೆಯಬೇಕಾಗುತ್ತದೆ.

ಬೇಕಾಗಿರುವುದು ಹುಳಿ. ವಿನಿಗರ್ ಸಾಕು. ಇಲ್ಲದಿದ್ದರೆ ಸೋಸಿದ ನಿಂಬೆ ರಸ. ಹುಣಸೆಹಣ್ಣು ಬೇಡ, ನಾರು ಸಿಕ್ಕಿಕೊಳ್ಳುತ್ತದೆ.

ಹಾಕುವ ಮೊದಲು ಸೆಲ್ ಯಾವುದು ಎಂದು ನೋಡಿ. ಅದೇ ಕಂಪನಿಯ, ಅದೇ ಅಳತೆಯ ಇನ್ನೊಂದು ಸೆಲ್ ಮನೆಯಲ್ಲಿದ್ದರೆ ಅದರ ಮೇಲೆ ಓದಿಕೊಳ್ಳಿ. ಆಲ್ಕಲೈನ್ ಅಂತಲೋ ಎಲ್‌ಆರ್6 ಅಂತಲೋ ಇದ್ದರೆ ಮೇಲೆ ಹೇಳಿದ್ದೆಲ್ಲ ಸರಿ. ಬರೀ ಆರ್6, ದೊಡ್ಡದಾದರೆ ಆರ್20 ಅಂತ ಇದ್ದರೆ ಅದು ಸತು-ಕಾರ್ಬನ್ ಸೆಲ್. ಗಡಿಯಾರಕ್ಕೆ, ರಿಮೋಟಿಗೆ ಹಾಕುವ ಅಗ್ಗದ ಸೆಲ್ ಸಾಮಾನ್ಯವಾಗಿ ಇದೇ. ಇದರ ಸತುವಿನ ಹೊರಗೋಡೆಯೇ ಕೆಲಸ ಮಾಡುತ್ತಾ ಸವೆದು ತೂತಾಗುತ್ತದೆ. ಸೋರುವುದು ಕಂದು ಬಣ್ಣದ ಜಿಗುಟು, ಸ್ವಲ್ಪ ಆಮ್ಲದ ಗುಣದ್ದು. ಇದಕ್ಕೆ ಸೋಡಾ ನೀರು ಸರಿ. ಬಹುಶಃ ಸೋಡಾ ಮದ್ದು ಹಳೆಯ ಸೆಲ್‌ಗಳ ಕಾಲದಿಂದ ಬಂದಿರಬೇಕು. ನಿಜವಾದ ಆಸಿಡ್ ಇರುವುದು ಹಳೆಯ ಚಾರ್ಜಿಂಗ್ ಲೈಟುಗಳ 4 ವೋಲ್ಟಿನ ಸೀಸದ ಬ್ಯಾಟರಿಯಲ್ಲಿ.

3 ವೋಲ್ಟ್ ಅಥವಾ 3.7 ವೋಲ್ಟ್ ಅಂತ ಬರೆದಿದ್ದರೆ ಅದು ಲಿಥಿಯಂ. ಅದನ್ನು ನೆನೆಸಬೇಡಿ, ಕುಟ್ಟಬೇಡಿ, ಚುಚ್ಚಬೇಡಿ. ಬೆಂಕಿ ಹೊತ್ತಿಕೊಳ್ಳಬಹುದು. ಯಾವುದೆಂದು ಗೊತ್ತಾಗದಿದ್ದರೂ ಅಷ್ಟೇ, ಮುಟ್ಟದೆ ಅಂಗಡಿಗೆ ತನ್ನಿ.

ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ಮಗ ಅಮೆರಿಕದಿಂದ ತಂದ ಟಾರ್ಚ್ ಹಿಡಿದುಕೊಂಡು ಬಂದರು. ಅದನ್ನು ಬಿಸಿ ನೀರಿನ ಹಂಡೆಯಲ್ಲಿ ಅದ್ದಿ ತೆಗೆದಿದ್ದರು. "ಲೋಹ ಬಿಸಿಯಾದರೆ ಹಿಗ್ಗುತ್ತದಲ್ಲಪ್ಪಾ, ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತೆ" ಅಂದರು. ವಿಜ್ಞಾನದ ಮೇಷ್ಟ್ರು, ಮಾತು ಸರಿಯೇ. ಸೆಲ್ಲಿನ ಹೊರಕವಚ ಕಬ್ಬಿಣದ್ದು, ಅಲ್ಯೂಮಿನಿಯಂ ಅದರ ಸುಮಾರು ಎರಡರಷ್ಟು ಹಿಗ್ಗುತ್ತದೆ. ನಾನು ಚೀಟಿ, ಪೆನ್ನು ಕೊಟ್ಟು "ಲೆಕ್ಕ ಹಾಕಿ ಮೇಷ್ಟ್ರೇ" ಅಂದೆ. ಸೆಲ್ಲಿನ ದಪ್ಪ 14.5 ಮಿಲಿಮೀಟರ್. 60 ಡಿಗ್ರಿ ಬಿಸಿ ಏರಿಸಿದರೂ ಸಿಗುವ ಸಡಿಲ ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗ. ಅಷ್ಟಕ್ಕಾಗಿ ಮುಚ್ಚಿದ ಸೆಲ್ಲಿನೊಳಗೆ ಒತ್ತಡ ಏರಿಸಿಕೊಳ್ಳಬೇಕು. ಸಿಡಿಯದಿದ್ದದ್ದು ಪುಣ್ಯ. ಅವರು ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡಿ, ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು. ಅಂಥ ಗಿರಾಕಿಗಳು ಸಿಕ್ಕರೆ ದಿನವೇ ಚೆನ್ನಾಗಿರುತ್ತದೆ.

ಸರಿ, ಕೆಲಸ ಹೇಗೆ? ಕನ್ನಡಕ, ಕೈಗವಸು ಹಾಕಿಕೊಳ್ಳಿ. ಪುಡಿಯನ್ನು ಬಾಯಿಂದ ಊದಲೇಬೇಡಿ. ಇದನ್ನು ಎಲ್ಲರೂ ಮಾಡುತ್ತಾರೆ, ಪುಡಿ ನೇರ ಕಣ್ಣಿಗೆ ಬರುತ್ತದೆ. ಕ್ಷಾರ ಕಣ್ಣಿಗೆ ಬಹಳ ಕೆಟ್ಟದ್ದು. ಬಿದ್ದರೆ ಕನಿಷ್ಠ 15-20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಹುಳಿ ಟಾರ್ಚಿಗೆ ಮಾತ್ರ, ಕಣ್ಣಿಗೂ ಬೇಡ, ಚರ್ಮಕ್ಕೂ ಬೇಡ.

ಟಾರ್ಚಿನ ಎರಡೂ ತುದಿ ಬಿಚ್ಚಲು ನೋಡಿ. ಎಷ್ಟೋ ಟಾರ್ಚುಗಳಲ್ಲಿ ಮುಂದಿನ ತಲೆಯೂ ತಿರುಗಿಸಿದರೆ ಬಿಚ್ಚುತ್ತದೆ. ತಲೆ ಬಿಚ್ಚಿದರೆ ಎಲ್‌ಇಡಿ ಹುಳಿಯಿಂದ ಬಚಾವಾಗುತ್ತದೆ. ಕೆಲವು ಮಾದರಿಗಳಲ್ಲಿ ಮುಂದಿನಿಂದ ತಳ್ಳಲು ಜಾಗವೂ ಸಿಗುತ್ತದೆ. ಸಿರಿಂಜಿನಲ್ಲಿ ವಿನಿಗರ್ ತೆಗೆದುಕೊಂಡು ಸೆಲ್ಲಿನ ಅಂಚಿನ ಸುತ್ತ ಕೆಲವೇ ಹನಿ ಬಿಡಿ. ನೊರೆ ಬಂದರೆ ಹುಳಿ ಕೆಲಸ ಮಾಡುತ್ತಿದೆ ಎಂದರ್ಥ. ನೊರೆ ನಿಂತ ಮೇಲೆ ಆ ನೀರು ಚೆಲ್ಲಿ ಮತ್ತೆ ಹನಿಸಿ. ನೊರೆ ಬರುವುದು ಕಡಿಮೆಯಾಗುವವರೆಗೂ ಹೀಗೇ ಮಾಡಿ. ಮುಚ್ಚಳ ಮಾತ್ರ ಹಾಕಬೇಡಿ, ಒಳಗೆ ಗ್ಯಾಸ್ ಕಟ್ಟಿಕೊಳ್ಳುತ್ತದೆ. ರಾತ್ರಿಯಿಡೀ ಮುಳುಗಿಸಿಯೂ ಇಡಬೇಡಿ, ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ.

ಆಮೇಲೆ ಬಾಯಿ ಕೆಳಗೆ ಮಾಡಿ ಮರದ ಹಲಗೆಗೆ ಮೆಲ್ಲಗೆ ಕುಟ್ಟಿ. ಎರಡೂ ತುದಿ ತೆರೆದಿದ್ದರೆ ಸೆಲ್ಲಿನಷ್ಟೇ ಅಗಲದ ಮರದ ಕೋಲಿನಿಂದ ತಳ್ಳಿ. ಅಗಲವಾದ ಕೋಲೇ ಬೇಕು. ಸ್ಕ್ರೂಡ್ರೈವರಿನ ಚೂಪು ಒಂದೇ ಕಡೆ ಒತ್ತಿ ಸೆಲ್ಲಿನ ಹೊರಕವಚವನ್ನು ಹರಡಿಬಿಡುತ್ತದೆ. ಆಗ ಅದು ಇನ್ನೂ ಬಿಗಿಯಾಗುತ್ತದೆ. ತಳಕ್ಕೆ ಸ್ಕ್ರೂ ತಿರುಗಿಸಿ ಎಳೆಯುವ ಉಪಾಯವೂ ಇದೆ. ಒಳಗಿನ ಕ್ಷಾರ ಚಿಮ್ಮುವ ಕಾರಣ ಮನೆಯಲ್ಲಿ ಮಾಡಿ ಅಂತ ನಾನು ಹೇಳಲಾರೆ. ಸೆಲ್ ಉಬ್ಬಿ ಕೊಳವೆಯನ್ನೇ ಹಿಗ್ಗಿಸಿದ್ದರೆ ಹುಳಿಗೂ ಜಗ್ಗದಿರಬಹುದು.

ಹೊರಬಂದ ಮೇಲೆ ಕೊಳವೆಯನ್ನು ನೀರಿನಲ್ಲಿ ತೊಳೆದು, ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಸ್ಪ್ರಿಂಗ್ ಮತ್ತು ಸೆಲ್ ತಾಗುವ ಜಾಗಗಳನ್ನು ನಯವಾದ ಮರಳುಕಾಗದದಿಂದ ಹೊಳೆಯುವಷ್ಟು ತಿಕ್ಕಿ. ಮುಚ್ಚಳ ತಿರುಗಿ ಕೂರುವ ಮರೆ, ಅಂದರೆ ತಿರುಪಿನ ಗೆರೆಗಳು, ಸವೆದಿದ್ದರೆ ಹೊಸ ಟಾರ್ಚೇ ಲೇಸು. ಉಳಿದಿದ್ದರೆ ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಒಂದೇ ಪ್ಯಾಕೆಟ್ಟಿನ ಹೊಸ ಸೆಲ್ ಹಾಕಿ. ಹಳೆಯದು, ಹೊಸದು ಬೆರೆಸಿದರೆ ಮೊದಲು ಖಾಲಿಯಾದದ್ದನ್ನು ಇನ್ನೊಂದು ಉಲ್ಟಾ ತಳ್ಳುತ್ತದೆ. ಆಗ ಖಾಲಿಯಾದದ್ದು ಬೇಗ ಸೋರುತ್ತದೆ.