ಯುದ್ಧಕ್ಕೆ ಹೋಗುವ ಮುಂಚೆಯೇ ಸತ್ತ ಪೈಲಟ್‌ಗಳು

ಅಮೆರಿಕದ ಟೆಕ್ಸಾಸ್‌ನಲ್ಲಿ ಟೆರೆಲ್ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಸ್ಮಶಾನದಲ್ಲಿ ಬ್ರಿಟನ್ ವಾಯುಪಡೆಯ 20 ಕೆಡೆಟ್‌ಗಳ ಸಮಾಧಿಗಳಿವೆ. ಜರ್ಮನಿ ಎಲ್ಲಿ, ಟೆಕ್ಸಾಸ್ ಎಲ್ಲಿ, ಅಲ್ವಾ? ಬ್ರಿಟನ್ನಿನ ಆಕಾಶದಲ್ಲಿ ಶತ್ರುವಿನ ಕಾಟ, ಮೇಲೆ ಮೋಡ, ಮಳೆ. ಹಾಗಾಗಿ ಎರಡನೇ ಮಹಾಯುದ್ಧದಲ್ಲಿ ಹುಡುಗರನ್ನು ಹಾರಾಟ ಕಲಿಯಲು ಕೆನಡಾ, ಅಮೆರಿಕ, ದಕ್ಷಿಣ ಆಫ್ರಿಕಾಕ್ಕೆಲ್ಲ ಕಳಿಸುತ್ತಿದ್ದರು. 1943ರ ಫೆಬ್ರವರಿಯಲ್ಲಿ ಟೆರೆಲ್‌ನಿಂದ ಹೊರಟ ತರಬೇತಿ ವಿಮಾನಗಳು ಒಕ್ಲಹೋಮದ ಬೆಟ್ಟಗಳ ಹತ್ತಿರ ಮೋಡಕ್ಕೆ ಸಿಕ್ಕಿದವು. ಅವುಗಳಲ್ಲಿ ಎರಡು ವಿಮಾನಗಳು ಬೆಟ್ಟಕ್ಕೆ ಬಡಿದವು, ನಾಲ್ವರು ಹೋದರು.

ಕಲಿಯುವಾಗಲೇ ಸಾಯುವುದು ಆಗ ಹೊಸದೇನೂ ಅಲ್ಲ. ಮೊದಲ ಮಹಾಯುದ್ಧದಲ್ಲಿ ವಿಮಾನ ಗಿರಕಿ ಹೊಡೆಯುತ್ತಾ ಕೆಳಗೆ ಬೀಳಲು ಶುರು ಮಾಡಿತು ಅಂದರೆ ಕಥೆ ಮುಗಿಯಿತು ಅಂತಲೇ ಲೆಕ್ಕ. ಮೂಗು ಕೆಳಗಾದಾಗ ಯಾರಿಗಾದರೂ ವಿಮಾನ ನಡೆಸುವ ಕೋಲನ್ನು ತನ್ನ ಕಡೆ ಎಳೆಯಬೇಕು ಅನ್ನಿಸುತ್ತದೆ, ಆದರೆ ಎಳೆದಷ್ಟೂ ಗಿರಕಿ ಬಿಡುವುದಿಲ್ಲ. ಗಿರಕಿಗೆ ಎದುರು ದಿಕ್ಕಿನ ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಿ ಕೋಲನ್ನು ಮುಂದಕ್ಕೆ ತಳ್ಳಬೇಕು. 1917ರಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟ್‌ನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಅನ್ನುವ ಸೇನಾ ಪೈಲಟ್ ಇದನ್ನೇ ಪಾಠ ಮಾಡಿದರು. ಅಪಾಯದಿಂದ ದೂರ ಇರು ಅನ್ನಲಿಲ್ಲ. ಬೇಕಂತಲೇ ಗಿರಕಿಗೆ ಬೀಳಿಸಿ ಹೊರಬರುವುದನ್ನು ಕಲಿಸಿದರು. ಗಾಳಿಯ ಗದ್ದಲದಲ್ಲಿ ಗುರುವಿನ ಮಾತು ಶಿಷ್ಯನ ಕಿವಿಗೆ ಬೀಳಲಿ ಅಂತ ಇಬ್ಬರ ನಡುವೆ ಒಂದು ರಬ್ಬರ್ ಕೊಳವೆ! ಸುಮ್ನೆ ಕೊಳವೆ ಅನ್ನಿಸಬಹುದು, ಆದರೆ ಅದಕ್ಕಿಂತ ಮುಂಚೆ ಪಾಠ ನಡೆಯುತ್ತಿದ್ದದ್ದು ಬಹುಪಾಲು ಕೈಸನ್ನೆಯಲ್ಲಿ, ಕೂಗಾಟದಲ್ಲಿ.

ಉಳಿದದ್ದು ಕತ್ತಲೆ, ಮೋಡ. ದಿಗಂತ ಕಾಣದಿದ್ದರೆ ನಮ್ಮ ಕಿವಿಯೊಳಗಿನ ಸಮತೋಲನವೇ ಸುಳ್ಳು ಹೇಳುತ್ತದೆ, ವಾಲಿಕೊಂಡು ಹೋಗುತ್ತಿದ್ದರೂ ನೆಟ್ಟಗಿದ್ದೇನೆ ಅನ್ನಿಸುತ್ತದೆ. 1934ರಲ್ಲಿ ಅಮೆರಿಕದ ಸೇನೆ ಅಂಚೆ ಸಾಗಿಸಲು ಹೊರಟು ಕೆಟ್ಟ ಹವೆಯಲ್ಲಿ ಒಂದರ ಹಿಂದೊಂದು ಪೈಲಟ್‌ಗಳನ್ನು ಕಳೆದುಕೊಂಡಿತು. ಆಮೇಲೆ ಎಡ್ ಲಿಂಕ್ ಅನ್ನುವ ಅಮೆರಿಕನ್ ಮಾಡಿದ ನೆಲದ ಮೇಲಿನ ಯಂತ್ರಕ್ಕೆ ಬೆಲೆ ಬಂತು. ಮುಚ್ಚಿದ ಡಬ್ಬದಂಥ ಕಾಕ್‌ಪಿಟ್‌ನಲ್ಲಿ ಕೂತು ಮೀಟರ್ ನೋಡಿಕೊಂಡೇ ಹಾರುವ ಅಭ್ಯಾಸ ಅದು.

ಇಷ್ಟೆಲ್ಲ ಗೊತ್ತಿದ್ದೂ 1940ರ ದಶಕದಲ್ಲಿ ಸಾವು ಯಾಕೆ ಜಾಸ್ತಿ? ಆತುರ. ಕೆನಡಾದಲ್ಲಿ ನಡೆದ ತರಬೇತಿ ಯೋಜನೆ ಒಂದರಲ್ಲೇ 1,31,000ಕ್ಕೂ ಹೆಚ್ಚು ಮಂದಿ ತಯಾರಾದರು. ಅಲ್ಲಿ ಅಪಘಾತದಲ್ಲಿ ಸತ್ತ ಕಲಿಕೆಯವರು 856. ಅಮೆರಿಕ ತನ್ನ ನೆಲದಲ್ಲೇ ವಾಯುಪಡೆಯ ಸುಮಾರು 15,000 ಜನರನ್ನು ವಿಮಾನ ಅಪಘಾತಗಳಲ್ಲಿ ಕಳೆದುಕೊಂಡಿತು. ಎಲ್ಲವೂ ವ್ಯವಸ್ಥೆಯ ತಪ್ಪಲ್ಲ ಬಿಡಿ. ಹತ್ತೊಂಬತ್ತರ ಹುಡುಗನ ಕೈಗೆ ವಿಮಾನ ಕೊಟ್ಟರೆ ಮರದ ತುದಿ ಸವರಿಕೊಂಡು ಹೋಗಬೇಡ ಅಂದರೂ ಕೇಳುತ್ತಾನಾ?

ಆದರೆ ಬ್ರಿಟನ್ನಿನ ಬಾಂಬರ್ ತರಬೇತಿ ನನಗೆ ಕೋಪ ತರಿಸುತ್ತದೆ. ಯುದ್ಧದಲ್ಲಿ ಸವೆದುಹೋದ ಹಳೆಯ ವೆಲ್ಲಿಂಗ್ಟನ್, ವಿಟ್ಲಿ ವಿಮಾನಗಳನ್ನೇ ಹೊಸಬರಿಗೆ ಕೊಡುತ್ತಿದ್ದರು, ಅದರಲ್ಲೇ ರಾತ್ರಿ ಹಾರಾಟ. ಬ್ರಿಟನ್ನಿನ ಬಾಂಬ್ ದಾಳಿ ಪಡೆಯಾದ ಬಾಂಬರ್ ಕಮಾಂಡ್‌ನಲ್ಲಿ ಸತ್ತ ಸುಮಾರು 55,500 ಜನರಲ್ಲಿ 8,000ಕ್ಕೂ ಹೆಚ್ಚು ಮಂದಿ ಕಾರ್ಯಾಚರಣೆಯಲ್ಲಲ್ಲ, ತರಬೇತಿಯಂಥ ಹಾರಾಟಗಳಲ್ಲಿ ಹೋದವರು. 1942ರ ಮೇ 30ರ ರಾತ್ರಿ ಜರ್ಮನಿಯ ಕಲೋನ್ ನಗರದ ಮೇಲೆ ಸಾವಿರ ವಿಮಾನ ಕಳಿಸಿಯೇ ತೀರಬೇಕು ಅಂತ ಹೊರಟಾಗ ಲೆಕ್ಕ ತುಂಬಲಿಲ್ಲ. ಮೂರನೇ ಒಂದು ಭಾಗಕ್ಕೂ ಹೆಚ್ಚು ವಿಮಾನಗಳು ಬಂದದ್ದು ಇದೇ ತರಬೇತಿ ಘಟಕಗಳಿಂದ, ಕೆಲವನ್ನು ಹಾರಿಸಿದ್ದು ಕಲಿಕೆ ಇನ್ನೂ ಮುಗಿಸದ ಹುಡುಗರು.